ಒಂದೇ ಉತ್ತರದ ನಲವತ್ತು ನೋಟುಪುಸ್ತಕಗಳು

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿದ ಕನ್ನಡ ಜೈನ ಕುಟುಂಬಗಳು ಮಕ್ಕಳಿಗೆ ಶಾಲೆ ಆರಿಸುವಾಗ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ನಿಶ್ಚಿತವಾದವು. ಯಾವ ಮಂಡಳಿಯ ಪಠ್ಯಕ್ರಮ, ಶುಲ್ಕವೆಷ್ಟು, ಬಸ್ಸು ಮನೆಯ ಹತ್ತಿರಕ್ಕೆ ಬರುವುದೇ, ಕ್ಯಾಂಟೀನಿನಲ್ಲಿ ಸಸ್ಯಾಹಾರವಷ್ಟೇ ಸಿಗುವುದೇ, ಹತ್ತನೆಯ ತರಗತಿಯ ಫಲಿತಾಂಶ ಹೇಗಿದೆ. ಇವೆಲ್ಲ ನ್ಯಾಯವಾದ ಪ್ರಶ್ನೆಗಳೇ. ಆದರೆ ಆರನೆಯ ವಯಸ್ಸಿನಿಂದ ಹನ್ನೊಂದು-ಹನ್ನೆರಡರವರೆಗೆ ಆ ಮಗು ತರಗತಿಯೊಳಗೆ ದಿನವೂ ಐದಾರು ಗಂಟೆ ಏನು ಮಾಡುತ್ತದೆ ಎಂದು ವಿಚಾರಿಸುವವರು ವಿರಳ. ಹತ್ತನೆಯ ತರಗತಿಯ ಫಲಿತಾಂಶವನ್ನು ನೋಡಿ ಮೂರನೆಯ ತರಗತಿಗೆ ಮಗುವನ್ನು ಸೇರಿಸುವುದೆಂದರೆ, ಏಳು ವರ್ಷ ಮುಂದಿನ ಲಾಭಾಂಶದ ಭರವಸೆಯ ಮೇಲೆ, ಈ ವರ್ಷದ ಲೆಕ್ಕಪತ್ರವನ್ನು ತೆರೆದೂ ನೋಡದೆ ಹಣ ಹೂಡಿದಂತೆ.

ಲೆಕ್ಕಪರಿಶೋಧಕನಿಗೆ ಒಂದು ಅಭ್ಯಾಸವಿರುತ್ತದೆ. ಕಡತದಲ್ಲಿ ಒಂದೇ ಕೈಬರಹದ, ಒಂದೇ ವಾಕ್ಯದ, ಒಂದೇ ಮೊತ್ತದ ನಲವತ್ತು ರಸೀದಿಗಳು ಸಾಲಾಗಿ ಸಿಕ್ಕರೆ ಅವನು ಅಲ್ಲಿಯೇ ನಿಲ್ಲುತ್ತಾನೆ. ಅಷ್ಟು ಅಚ್ಚುಕಟ್ಟಾಗಿರುವುದು ಸಹಜವಾಗಿ ನಡೆದ ವ್ಯವಹಾರವಾಗಿರಲಾರದು ಎಂಬ ಸಂದೇಹ ಅವನದು. ಇದೇ ಪರೀಕ್ಷೆಯನ್ನು ನಾಲ್ಕನೆಯ ತರಗತಿಯ ಪರಿಸರ ಅಧ್ಯಯನದ ನೋಟುಪುಸ್ತಕಗಳಿಗೆ ಅನ್ವಯಿಸಬಹುದು. ‘ನಿನ್ನ ಮನೆಯ ಸುತ್ತ ಕಾಣುವ ಐದು ಗಿಡಗಳನ್ನು ಬರೆ’ ಎಂಬ ಪ್ರಶ್ನೆಗೆ ನಲವತ್ತು ಮಕ್ಕಳೂ ಬೇವು, ಅರಳಿ, ಮಾವು, ತುಳಸಿ, ಗುಲಾಬಿ ಎಂದೇ, ಅದೇ ಅನುಕ್ರಮದಲ್ಲಿ ಬರೆದಿದ್ದರೆ ಅಲ್ಲಿ ಗಿಡವನ್ನು ನೋಡಿದವರು ಯಾರೂ ಇಲ್ಲ. ಕಪ್ಪು ಹಲಗೆಯನ್ನು ನೋಡಿದವರು ನಲವತ್ತು ಮಂದಿ. ಕಾಂದಿವಲಿಯ ಹನ್ನೆರಡನೆಯ ಮಹಡಿಯ ಮಗುವಿನ ಸುತ್ತ ಇರುವುದು ಕುಂಡದ ಮನಿಪ್ಲಾಂಟ್, ಮಳೆನೀರಿನ ಕೊಳವೆಯ ಬಿರುಕಿನಲ್ಲಿ ಹುಟ್ಟಿದ ಅರಳಿಯ ಸಸಿ. ಅದನ್ನು ಬರೆದ ಮಗುವಿನ ಪುಸ್ತಕಕ್ಕೆ ಕೆಂಪು ಶಾಯಿಯ ತಿದ್ದುಪಡಿ ಬೀಳುವುದಾದರೆ ಆ ಶಾಲೆಯ ಶುಲ್ಕ ಎಷ್ಟೇ ಇರಲಿ, ಅದು ದುಬಾರಿ.

ಈ ವಯಸ್ಸಿನ ಮಗು ಹೇಗೆ ಯೋಚಿಸುತ್ತದೆ ಎಂಬ ಬಗ್ಗೆ ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ತೋರಿಸಿಕೊಟ್ಟ ಒಂದು ಸರಳ ಪ್ರಯೋಗವಿದೆ. ಸಮಾನವಾದ ಎರಡು ಲೋಟಗಳಲ್ಲಿ ಸಮಾನವಾಗಿ ನೀರು ತುಂಬಿ, ಒಂದರ ನೀರನ್ನು ಮಗುವಿನ ಎದುರಿಗೇ ಎತ್ತರದ, ಕಿರಿದಾದ ಗಾಜಿನ ಪಾತ್ರೆಗೆ ಸುರಿಯುವುದು. ಐದು ವರ್ಷದ ಮಗು ಸಾಮಾನ್ಯವಾಗಿ ಎತ್ತರದ ಪಾತ್ರೆಯಲ್ಲಿ ನೀರು ಹೆಚ್ಚಿದೆ ಎನ್ನುತ್ತದೆ. ಎಂಟು ವರ್ಷದ್ದು, ಸುರಿದದ್ದು ಅದೇ ನೀರಲ್ಲವೇ ಎಂದು ನಗುತ್ತದೆ. ಸುಮಾರು ಏಳರಿಂದ ಹನ್ನೊಂದರವರೆಗಿನ ಈ ಘಟ್ಟದಲ್ಲಿ ತರ್ಕ ಹುಟ್ಟಿರುತ್ತದೆ. ಆದರೆ ಅದಕ್ಕೆ ಎದುರಿಗೆ ಪಾತ್ರೆ ಬೇಕು, ನೀರು ಬೇಕು, ಸುರಿಯುವ ಕೈ ಬೇಕು. ಅಮೂರ್ತವಾದ ವ್ಯಾಖ್ಯೆಗಳ ಮೇಲೆ ಆಡುವ ತರ್ಕ ಅದಕ್ಕೂ ಮುಂದಿನದು. ‘ದ್ರವಗಳಿಗೆ ನಿರ್ದಿಷ್ಟ ಗಾತ್ರವಿದೆ, ನಿರ್ದಿಷ್ಟ ಆಕಾರವಿಲ್ಲ’ ಎಂಬ ವಾಕ್ಯವನ್ನು ಎಂಟರ ಮಗು ಉರು ಹೊಡೆದು ಒಪ್ಪಿಸಬಲ್ಲದು. ಅದೇ ಮಗು ಎರಡು ಪಾತ್ರೆ ಸಿಕ್ಕರೆ ಆ ವಾಕ್ಯವನ್ನು ತಾನೇ ಕಂಡುಕೊಳ್ಳಬಲ್ಲದು. ಎರಡರ ಅಂತರ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕಾಣುವುದಿಲ್ಲ.

ಭಾರತದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ, ಸರಕಾರಿ ಶಾಲೆಗಳಲ್ಲಿಯೇ ಮಾಡಿ ತೋರಿಸಿದ ಒಂದು ಪ್ರಯತ್ನದ ಕಥೆ ಪ್ರತಿಯೊಬ್ಬ ಶಾಲಾ ಟ್ರಸ್ಟಿಗೂ ತಿಳಿದಿರಬೇಕು. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ, ಈಗಿನ ನರ್ಮದಾಪುರಂನ, 16 ಮಾಧ್ಯಮಿಕ ಶಾಲೆಗಳಲ್ಲಿ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮ ಆರಂಭವಾಯಿತು. ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸ್ವಯಂಸೇವಾ ಸಂಸ್ಥೆಗಳು ಅದರ ಹಿಂದೆ ಇದ್ದವು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಹಾಗೂ ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಳ್ಳಿಯ ಶಿಕ್ಷಕರೊಂದಿಗೆ ಕುಳಿತು ಪಾಠಗಳನ್ನು ರೂಪಿಸಿದರು. 1978ರಲ್ಲಿ ಅದು ಇಡೀ ಜಿಲ್ಲೆಯ ಮಾಧ್ಯಮಿಕ ಶಾಲೆಗಳಿಗೆ ಹರಡಿತು. 1982ರಲ್ಲಿ ಅದನ್ನು ಮುಂದುವರಿಸಲು ‘ಏಕಲವ್ಯ’ ಸಂಸ್ಥೆ ಹುಟ್ಟಿತು. ಕ್ರಮೇಣ 15 ಜಿಲ್ಲೆಗಳ ನೂರಾರು ಶಾಲೆಗಳನ್ನು ಅದು ಮುಟ್ಟಿತು.

ಆರರಿಂದ ಎಂಟನೆಯ ತರಗತಿಯ ಆ ಮಕ್ಕಳ ಪುಸ್ತಕದ ಹೆಸರು ‘ಬಾಲ ವೈಜ್ಞಾನಿಕ’. ಅದರಲ್ಲಿ ಉತ್ತರಗಳಿಗಿಂತ ಮಾಡಬೇಕಾದ ಕೆಲಸಗಳೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳೂ ಹೆಚ್ಚು. ನಾಲ್ಕು ನಾಲ್ಕು ಮಕ್ಕಳ ಟೋಳಿಗಳು ಎಲೆಗಳನ್ನು ತಂದು ಗುಂಪು ಮಾಡುತ್ತಿದ್ದವು, ಹೊಲದ ಬೆಳೆಗೆ ಬಿದ್ದ ಹುಳುವನ್ನು ಗಮನಿಸುತ್ತಿದ್ದವು. ಬಂದ ಫಲಿತಾಂಶಗಳನ್ನು ಇಡೀ ತರಗತಿಯ ಮುಂದಿಟ್ಟು ವಾದಿಸುವುದು ಪಾಠದ ದ್ವಿತೀಯಾರ್ಧ. ಉದ್ದ ಅಳೆಯುವ ಪಾಠವನ್ನೇ ತೆಗೆದುಕೊಳ್ಳಬಹುದು. ಒಂದೇ ಬೆಂಚನ್ನು ನಾಲ್ಕು ಗುಂಪುಗಳು ಅಳೆದರೆ ನಾಲ್ಕು ಉತ್ತರಗಳು ಬರುತ್ತವೆ. ಸಾಮಾನ್ಯ ತರಗತಿಯಲ್ಲಿ ಒಂದು ಸರಿ, ಮೂರು ತಪ್ಪು. ಇಲ್ಲಿ, ನಾಲ್ಕೂ ಏಕೆ ಬೇರೆಯಾದವು ಎಂಬುದೇ ಪಾಠ. ಪಟ್ಟಿಯ ತುದಿ ಸವೆದಿತ್ತೇ, ಕಣ್ಣನ್ನು ಓರೆಯಾಗಿ ಇಟ್ಟದ್ದೇ, ಬೆಂಚಿನ ಅಂಚೇ ಸೊಟ್ಟಗಿದೆಯೇ. ಅಳತೆಯಲ್ಲಿ ಒಂದಿಷ್ಟು ಏರುಪೇರು ಇದ್ದೇ ಇರುತ್ತದೆ, ಅದನ್ನು ಮುಚ್ಚಿಡುವುದಕ್ಕಿಂತ ತಿಳಿದು ಹೇಳುವುದು ಪ್ರಾಮಾಣಿಕತೆ ಎಂಬುದನ್ನು ಹನ್ನೊಂದರ ವಯಸ್ಸಿಗೇ ಕಲಿತ ಮಗು ಮುಂದೆ ಚುನಾವಣಾ ಸಮೀಕ್ಷೆಯನ್ನೂ ಮ್ಯೂಚುವಲ್ ಫಂಡಿನ ಜಾಹೀರಾತನ್ನೂ ಓದುವ ರೀತಿಯೇ ಬೇರೆಯಾಗುತ್ತದೆ. ದೊಡ್ಡ ದೊಡ್ಡ ಕಂಪನಿಗಳ ಆಡಳಿತ ಮಂಡಳಿಗಳಿಗೆ ಈ ಪಾಠ ಇನ್ನೂ ಬಾಕಿ ಇದೆ ಎಂಬುದು ಬೇರೆ ಮಾತು.

ಆ ಕಾರ್ಯಕ್ರಮದ ಪರೀಕ್ಷೆಯಲ್ಲಿ ಮಕ್ಕಳು ಪುಸ್ತಕವನ್ನು ತೆರೆದಿಟ್ಟುಕೊಂಡೇ ಬರೆಯುತ್ತಿದ್ದರು. ಜೊತೆಗೆ ಪ್ರಯೋಗ ಮಾಡಿ ತೋರಿಸುವ ಭಾಗವೂ ಇತ್ತು. ಬಾಯಿಪಾಠ ಮಾಡಿ ಪ್ರಯೋಜನವಿಲ್ಲದ ಪರೀಕ್ಷೆ ಅದು. ‘ಸವಾಲಿರಾಮ್’ ಎಂಬ ಕಾಲ್ಪನಿಕ ವ್ಯಕ್ತಿಗೆ ಮಕ್ಕಳು ಪತ್ರ ಬರೆದು ತಮಗೆ ತೋಚಿದ ಪ್ರಶ್ನೆ ಕೇಳುತ್ತಿದ್ದರು, ಉತ್ತರ ಬರುತ್ತಿತ್ತು. ಶಿಕ್ಷಕರಿಗೆ ಬೇಸಿಗೆಯಲ್ಲಿ ಮೂರು ವಾರಗಳ ತರಬೇತಿ, ಆಮೇಲೆ ತಿಂಗಳಿಗೊಮ್ಮೆ ಸಭೆ. ಆ ಸಭೆಗಳಲ್ಲಿ ಶಿಕ್ಷಕರು ತಾವೇ ಪ್ರಯೋಗ ಮಾಡಿ, ತಮ್ಮತಮ್ಮಲ್ಲೇ ವಾದಿಸಿ, ಯಾವ ಪಾಠ ಎಲ್ಲಿ ಮುಗ್ಗರಿಸಿತೆಂದು ಹೇಳಿಕೊಳ್ಳುತ್ತಿದ್ದರು. ಪುಸ್ತಕದ ಮುಂದಿನ ಆವೃತ್ತಿ ಅದರ ಆಧಾರದ ಮೇಲೆ ಬದಲಾಗುತ್ತಿತ್ತು.

ಪುಣೆಯ ಓದುಗರಿಗೆ ಪರಿಚಿತರಾದ ಅರವಿಂದ ಗುಪ್ತಾ ಅವರು ಈ ಕಾರ್ಯಕ್ರಮದಿಂದಲೇ ತಮ್ಮ ದಾರಿ ಕಂಡುಕೊಂಡವರು. ಕಾನ್ಪುರದ ಐಐಟಿಯಲ್ಲಿ ಓದಿ, ಪುಣೆಯ ಟೆಲ್ಕೋದಲ್ಲಿ ಎಂಜಿನಿಯರಾಗಿದ್ದ ಅವರು 1978ರಲ್ಲಿ ರಜೆ ಹಾಕಿ ಹೋಶಂಗಾಬಾದಿಗೆ ಹೋದರು. ಸೈಕಲ್ ಅಂಗಡಿಯಲ್ಲಿ ಸಿಗುವ ವಾಲ್ವ್ ಟ್ಯೂಬಿನ ತುಂಡುಗಳಿಗೆ ಬೆಂಕಿಕಡ್ಡಿ ಚುಚ್ಚಿ ತ್ರಿಕೋನ, ಘನ, ಗೋಪುರಗಳನ್ನು ಕಟ್ಟುವ ಅವರ ವಿಧಾನ ಅಲ್ಲಿ ಹುಟ್ಟಿದ್ದು. ಚೌಕವನ್ನು ಒತ್ತಿದರೆ ಅದು ಕುಸಿಯುತ್ತದೆ, ತ್ರಿಕೋನ ಕುಸಿಯುವುದಿಲ್ಲ. ರೈಲ್ವೆ ಸೇತುವೆಯಲ್ಲಿ ತ್ರಿಕೋನಗಳೇ ಏಕೆ ಎಂಬ ಪ್ರಶ್ನೆಗೆ ಮಗುವಿನ ಬೆರಳುಗಳು ಆಗಲೇ ಉತ್ತರ ಕೊಟ್ಟಿರುತ್ತವೆ. 2018ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಅಷ್ಟು ಹೊತ್ತಿಗೆ ಅವರನ್ನು ರೂಪಿಸಿದ ಕಾರ್ಯಕ್ರಮ ನಿಂತು ಹದಿನಾರು ವರ್ಷಗಳಾಗಿದ್ದವು.

2002ರಲ್ಲಿ ಮಧ್ಯಪ್ರದೇಶ ಸರಕಾರ ಅದನ್ನು ಮುಚ್ಚಿತು. ಮೂವತ್ತು ವರ್ಷ ನಡೆದ ಪ್ರಯತ್ನವೊಂದು ಒಂದು ಆದೇಶದಿಂದ ನಿಂತಿತು. ಕೇಳಿಬಂದ ಆಕ್ಷೇಪಗಳಲ್ಲಿ, ಈ ಪದ್ಧತಿಯಲ್ಲಿ ಓದಿದವರು ಮುಂದೆ ಮಂಡಳಿ ಪರೀಕ್ಷೆಯಲ್ಲಿ ಹಿಂದೆ ಬೀಳುತ್ತಾರೆ ಎಂಬುದು ಒಂದು. ನಾಡಿನಾದ್ಯಂತ ವಿಜ್ಞಾನಿಗಳೂ ಶಿಕ್ಷಣ ತಜ್ಞರೂ ಪ್ರತಿಭಟಿಸಿದರು; ಫಲವಾಗಲಿಲ್ಲ. ಇಲ್ಲಿ ಗಮನಿಸಬೇಕಾದ ರಾಜಕೀಯ ಸತ್ಯವೊಂದಿದೆ. ಒಂದು ಸರಕಾರಕ್ಕೆ ಪ್ರಯೋಗಶಾಲೆಯ ಬೆಂಬಲಿಗರಿಗಿಂತ ಅಂಕಪಟ್ಟಿಯ ಭಯ ಹೊತ್ತ ಪೋಷಕರು ಹೆಚ್ಚು ಮತಗಳಾಗಿ ಕಾಣುತ್ತಾರೆ. ಪಕ್ಷ ಯಾವುದೇ ಇರಲಿ, ಈ ಲೆಕ್ಕ ಬದಲಾಗಿಲ್ಲ. ಆ ಭಯವನ್ನು ಸಾಕಿದವರು ಮಂತ್ರಿಗಳು ಮಾತ್ರವಲ್ಲ, ಊಟದ ಮೇಜಿನಲ್ಲಿ ಪಕ್ಕದ ಮನೆಯ ಮಗುವಿನ ಶೇಕಡಾವಾರನ್ನು ಚರ್ಚಿಸುವ ಮನೆಗಳೂ ಹೌದು.

ಕರ್ನಾಟಕದ ಅನುಭವ ಇದಕ್ಕಿಂತ ಸ್ವಲ್ಪ ಆಶಾದಾಯಕ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು ಯುನಿಸೆಫ್ ನೆರವಿನೊಂದಿಗೆ ರೂಪಿಸಿದ ‘ನಲಿ-ಕಲಿ’, ರಾಜ್ಯದ ಸರಕಾರಿ ಶಾಲೆಗಳ ಕೆಳ ತರಗತಿಗಳಿಗೆ ಹರಡಿ ಉಳಿದುಕೊಂಡಿದೆ. ಕಲಿಕಾ ಏಣಿ, ಕಾರ್ಡುಗಳು, ತನ್ನ ವೇಗದಲ್ಲಿ ಸಾಗುವ ಮಗು, ನೆಲದ ಮೇಲೆ ವೃತ್ತಾಕಾರವಾಗಿ ಕುಳಿತ ಗುಂಪುಗಳು. ಚೆನ್ನೈ ಮಹಾನಗರ ಪಾಲಿಕೆಯ ಶಾಲೆಗಳು 2003ರಿಂದ ಇದೇ ಮೂಲದಿಂದ ಸ್ಫೂರ್ತಿ ಪಡೆದವು. ಗೋಡೆಯ ಕೆಳಭಾಗದಲ್ಲಿ, ಮಕ್ಕಳ ಕೈಗೆಟುಕುವಂತೆ, ಅವರದೇ ಕಪ್ಪು ಹಲಗೆಗಳನ್ನು ಮಾಡಿಸಿದರು. ಆದರೆ ನಲಿ-ಕಲಿ ಮೂರನೆಯ ತರಗತಿಗೆ ಮುಗಿಯುತ್ತದೆ. ನಾಲ್ಕಕ್ಕೆ ಬಂದ ಮಗು ಮತ್ತೆ ಸಾಲು ಬೆಂಚು, ಮತ್ತೆ ಪ್ರಶ್ನೋತ್ತರ. ಕೈ ಮತ್ತು ತರ್ಕ ಒಟ್ಟಿಗೆ ಓಡಲು ಸಿದ್ಧವಾದ ವಯಸ್ಸಿಗೆ ಸರಿಯಾಗಿ ಆಟವನ್ನು ನಿಲ್ಲಿಸಲಾಗುತ್ತದೆ. ಈ ಪದ್ಧತಿ ಬಡವರ ಮಕ್ಕಳಿಗೆಂದು ಸರಕಾರಿ ಶಾಲೆಯಲ್ಲಿ ನಡೆಯುತ್ತದೆ, ಅಥವಾ ಲಕ್ಷಗಟ್ಟಲೆ ಶುಲ್ಕದ ಅಂತರರಾಷ್ಟ್ರೀಯ ಶಾಲೆಯಲ್ಲಿ ನಡೆಯುತ್ತದೆ. ಇವೆರಡರ ನಡುವಿನ ಮಧ್ಯಮ ವರ್ಗದ ಶಾಲೆಯಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲವೆಂಬುದು ವಿಚಿತ್ರ.

ಜಾಗವಿಲ್ಲ ಎನ್ನುವಂತಿಲ್ಲ, ಕಾನೂನು ಜಾಗ ಮಾಡಿಕೊಟ್ಟಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಮು, ಚಟುವಟಿಕೆ ಮತ್ತು ಅನ್ವೇಷಣೆಯ ಮೂಲಕ ಕಲಿಕೆ, ಭಯಮುಕ್ತ ವಾತಾವರಣ, ಸಾಧ್ಯವಾದಮಟ್ಟಿಗೆ ಮಾತೃಭಾಷೆಯ ಮಾಧ್ಯಮ, ಅಭಿಪ್ರಾಯವನ್ನು ಮುಕ್ತವಾಗಿ ಹೇಳಲು ಮಗುವಿಗೆ ನೆರವು ಇವನ್ನು ಪಠ್ಯಕ್ರಮದ ಅಂಶಗಳೆಂದೇ ನಮೂದಿಸಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಎಂಟರಿಂದ ಹನ್ನೊಂದರ ವಯಸ್ಸಿನ ಮೂರು ತರಗತಿಗಳನ್ನು ಪ್ರತ್ಯೇಕ ಘಟ್ಟವಾಗಿ ಗುರುತಿಸಿ, ಆಟ, ಅನ್ವೇಷಣೆ, ಸಂವಾದ ಅದರ ವಿಧಾನವೆಂದಿದೆ. ಇಲ್ಲಿ ಜೈನ ಟ್ರಸ್ಟುಗಳಿಗೆ ಸಂಬಂಧಿಸಿದ ಸೂಕ್ಷ್ಮವೊಂದಿದೆ. 2014ರ ಜನವರಿಯಲ್ಲಿ ಕೇಂದ್ರ ಸರಕಾರ ಜೈನರನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿತು. ಅದೇ ವರ್ಷ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ, ಪ್ರಮತಿ ಪ್ರಕರಣದಲ್ಲಿ, ಅಲ್ಪಸಂಖ್ಯಾತ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯವಾಗದೆಂದು ತೀರ್ಪಿತ್ತಿತು. ಅಂದಿನಿಂದ ಅಲ್ಪಸಂಖ್ಯಾತ ಪ್ರಮಾಣಪತ್ರ ಪಡೆಯುವುದು ಅನೇಕ ಶಾಲೆಗಳಿಗೆ ಆಕರ್ಷಕವಾಯಿತು. 2025ರ ಸೆಪ್ಟೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠವೊಂದು ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ವಿಷಯವನ್ನು ಹಿರಿಯ ಪೀಠದ ಪರಿಶೀಲನೆಗೆ ಒಪ್ಪಿಸಬೇಕೆಂದಿತು. ತೀರ್ಮಾನ ಏನೇ ಆಗಲಿ, ಸಮಾಜ ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಈಗಲೇ ಇದೆ. ಸಂವಿಧಾನದ 30ನೆಯ ವಿಧಿ ಕೊಟ್ಟದ್ದು ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆಯನ್ನು ಕಟ್ಟಿ ನಡೆಸುವ ಹಕ್ಕು. ಆ ಹಕ್ಕನ್ನು ಶೇಕಡ 25ರ ಮೀಸಲು ಸೀಟುಗಳಿಂದ ತಪ್ಪಿಸಿಕೊಳ್ಳುವುದಕ್ಕಷ್ಟೇ ಬಳಸಿ, ತರಗತಿಯೊಳಗೆ ಮಾತ್ರ ಊರಿನ ಎಲ್ಲ ಶಾಲೆಗಳ ಗಿಳಿಪಾಠವನ್ನೇ ನಡೆಸುವುದಾದರೆ ಆ ಇಚ್ಛೆ ಯಾವುದು?

ಹಣವಿಲ್ಲ ಎಂಬ ಉತ್ತರ ಲೆಕ್ಕಪತ್ರದ ಮುಂದೆ ನಿಲ್ಲುವುದಿಲ್ಲ. ಟ್ರಸ್ಟುಗಳ ಜಮಾ-ಖರ್ಚು ನೋಡಿದವರಿಗೆ ಒಂದು ಮನೋಧರ್ಮ ಸ್ಪಷ್ಟವಾಗಿ ಕಾಣುತ್ತದೆ. ಕಟ್ಟಡ ಆಸ್ತಿಯ ಪಟ್ಟಿಯಲ್ಲಿ ಕೂರುತ್ತದೆ, ವರ್ಷವರ್ಷವೂ ಸವಕಳಿ ಕಳೆದು ಉಳಿದ ಮೊತ್ತವಾಗಿ ಕಾಣಿಸುತ್ತಲೇ ಇರುತ್ತದೆ. ಅದರ ಬಾಗಿಲಿನ ಮೇಲೆ ದಾನಿಯ ಹೆಸರು ಕೆತ್ತಬಹುದು. ಶಿಕ್ಷಕರ ತರಬೇತಿ ಆ ವರ್ಷದ ಖರ್ಚು, ಮಾರ್ಚ್ 31ಕ್ಕೆ ಮಾಯ. ಶಿಕ್ಷಕಿಯೊಬ್ಬಳ ತಲೆಯೊಳಗೆ ಉಳಿದದ್ದಕ್ಕೆ ಆಸ್ತಿಪಟ್ಟಿಯಲ್ಲಿ ಸಾಲು ಇಲ್ಲ. ಹಾಗಾಗಿ ದಾನ ಅಮೃತಶಿಲೆಯತ್ತ ಹರಿಯುತ್ತದೆ. ಆದರೆ ಆದಾಯ ತೆರಿಗೆಯ ದೃಷ್ಟಿಯಲ್ಲಿ ಈ ಭೇದವಿಲ್ಲ. ಟ್ರಸ್ಟಿನ ಆದಾಯದ ಶೇಕಡ 85 ಉದ್ದೇಶಕ್ಕೆ ವಿನಿಯೋಗವಾಗಬೇಕೆಂಬ ನಿಯಮಕ್ಕೆ ಸಭಾಂಗಣವೂ ಒಂದೇ, ಮೂರು ವಾರಗಳ ಶಿಬಿರವೂ ಒಂದೇ. ಇನ್ನು ಸಾಮಗ್ರಿಯ ಮಾತು. ಕೆಲವು ಡಜನ್ ಭೂತಗನ್ನಡಿ, ಅಯಸ್ಕಾಂತ, ಅಳತೆಪಟ್ಟಿ, ತಕ್ಕಡಿ, ದಾರ, ಬಲೂನು, ಟಾರ್ಚಿನ ಬಲ್ಬು, ತಂತಿ. ಇವಿಷ್ಟರ ಬೆಲೆ ಸಭಾಂಗಣದ ಒಂದು ಹವಾನಿಯಂತ್ರಕದ ಬೆಲೆಯನ್ನು ಮುಟ್ಟುವುದಿಲ್ಲ. ಒಡೆಯುತ್ತವೆ, ಕಳೆಯುತ್ತವೆ ಎಂಬ ಚಿಂತೆಯಿಂದ ಬೀರುವಿನಲ್ಲಿ ಬೀಗ ಹಾಕಿಟ್ಟ ಸಾಮಗ್ರಿಯೇ ನಿಜವಾದ ನಷ್ಟ. ದಾಸ್ತಾನು ಪುಸ್ತಕದಲ್ಲಿ ಹತ್ತು ವರ್ಷದಿಂದ ಒಂದೂ ಕಡಿಮೆಯಾಗದ ಭೂತಗನ್ನಡಿಗಳಿದ್ದರೆ ಪ್ರಾಂಶುಪಾಲರನ್ನು ಅಭಿನಂದಿಸುವ ಬದಲು ವಿವರಣೆ ಕೇಳಬೇಕು.

ಚಟುವಟಿಕೆಯ ಹೆಸರಿನಲ್ಲಿ ನಡೆಯುವ ವಂಚನೆಯನ್ನೂ ಹೇಳದಿದ್ದರೆ ಮಾತು ಅಪೂರ್ಣ. ಮಗುವಿಗೆ ‘ಪ್ರಾಜೆಕ್ಟ್’ ಕೊಡುತ್ತಾರೆ. ಅಪ್ಪ ರಾತ್ರಿ ಸ್ಟೇಷನರಿ ಅಂಗಡಿಗೆ ಓಡುತ್ತಾರೆ. ಅಮ್ಮ ಥರ್ಮಾಕೋಲ್ ಕೊಯ್ದು ಜ್ವಾಲಾಮುಖಿ ಕಟ್ಟುತ್ತಾರೆ. ಅಡುಗೆ ಸೋಡಾಕ್ಕೆ ವಿನಿಗರ್ ಬಿದ್ದು ನೊರೆ ಉಕ್ಕುತ್ತದೆ. ಮಗು ಫೋಟೋಕ್ಕೆ ನಿಲ್ಲುತ್ತದೆ. ಸಿದ್ಧ ಮಾದರಿಗಳನ್ನು ಮಾರುವ ಅಂಗಡಿಗಳೂ ಇವೆ. ನೊರೆ ಏಕೆ ಬಂತು, ನಿಂಬೆರಸ ಹಾಕಿದರೂ ಬರುವುದೇ, ನೀರು ಹಾಕಿದರೆ ಏಕೆ ಬರದು ಎಂಬ ಮಾತುಕತೆ ನಡೆಯದಿದ್ದರೆ ಅದು ಕೈಗೆ ಕೆಲಸ, ತಲೆಗೆ ರಜೆ. ಹೋಶಂಗಾಬಾದಿನ ಅರ್ಧ ಪಾಠ ಪ್ರಯೋಗವಾದರೆ ಇನ್ನರ್ಧ ವಾದವಾಗಿತ್ತು ಎಂಬುದನ್ನು ಮರೆತು ಸಾಮಗ್ರಿಯನ್ನಷ್ಟೇ ಕೊಂಡರೆ ಮತ್ತೊಂದು ಬಾಯಿಪಾಠ ಹುಟ್ಟುತ್ತದೆ.

ತರಗತಿಯಲ್ಲಿ 45 ಮಕ್ಕಳು, ಅವಧಿ 35 ನಿಮಿಷ, ಇಲ್ಲಿ ಚರ್ಚೆ ಹೇಗೆ ಸಾಧ್ಯ ಎಂದು ಶಿಕ್ಷಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಶಿಕ್ಷಕಿ ಬಾಯಿಯನ್ನೇ ತೆರೆಯದಿದ್ದರೂ ಒಂದು ಮಗುವಿನ ಪಾಲಿಗೆ 47 ಸೆಕೆಂಡು ಬರುವುದಿಲ್ಲ. ಸಂಖ್ಯೆಯನ್ನು 30ಕ್ಕೆ ಇಳಿಸಿದರೂ 70 ಸೆಕೆಂಡು ಮಾತ್ರ. ಆದರೆ ಅದೇ 45 ಮಕ್ಕಳನ್ನು ನಾಲ್ಕೈದು ಜನರ ಟೋಳಿಗಳಾಗಿ ಮಾಡಿ 20 ನಿಮಿಷ ಬಿಟ್ಟರೆ ಪ್ರತಿ ಮಗುವಿಗೂ ನಾಲ್ಕೈದು ನಿಮಿಷ ಮಾತಿನ ಸರದಿ ಸಿಗುತ್ತದೆ. ಗದ್ದಲವಾಗುತ್ತದೆ, ನಿಜ. ಗದ್ದಲವಾದ ತರಗತಿಯ ಬಾಗಿಲಿಗೆ ಬಂದು ಕಣ್ಣು ಕೆಂಪಗೆ ಮಾಡುವ ಪ್ರಾಂಶುಪಾಲರಿದ್ದರೆ ಯಾವ ಶಿಕ್ಷಕಿಯೂ ಇದಕ್ಕೆ ಕೈಹಾಕುವುದಿಲ್ಲ. ತರಬೇತಿ ಮೊದಲು ಅಲ್ಲಿಂದ ಆರಂಭವಾಗಬೇಕು.

ಇನ್ನೊಂದು ತೊಡಕು ಹೊರನಾಡಿನ ಮನೆಗಳಿಗೇ ವಿಶಿಷ್ಟವಾದದ್ದು. ಅಜ್ಜಿಯೊಡನೆ ಕನ್ನಡ, ಲಿಫ್ಟಿನಲ್ಲಿ ಮರಾಠಿ ಅಥವಾ ತಮಿಳು, ಆಟದ ಅಂಗಳದಲ್ಲಿ ಹಿಂದಿ, ತರಗತಿಯಲ್ಲಿ ಇಂಗ್ಲಿಷ್. ಬಾಯಿಪಾಠಕ್ಕೆ ಭಾಷೆ ಬರಬೇಕಾಗಿಲ್ಲ. ವಾದಿಸುವುದಕ್ಕೆ ಬರಬೇಕು. ಏಳರ ಮಗು ‘ಆದರೆ’, ‘ಹಾಗಿದ್ದರೆ’, ‘ಅದು ಹೇಗೆ’ ಎಂದು ತಡೆಯಿಲ್ಲದೆ ಹೇಳುವುದು ತನಗೆ ಆಳವಾಗಿ ಗೊತ್ತಿರುವ ಮಾತಿನಲ್ಲಿ. ಇಂಗ್ಲಿಷಿನಲ್ಲಿ ಮೌನಿಯಾದ ಮಗುವನ್ನು ದಡ್ಡನೆಂದು ಎಣಿಸುವ ಶಾಲೆಗಳು ಕಡಿಮೆಯಿಲ್ಲ. ಟೋಳಿಯೊಳಗೆ ಯಾವ ಭಾಷೆಯಾದರೂ ಸರಿ, ತರಗತಿಯ ಮುಂದೆ ಹೇಳುವಾಗ ಶಾಲೆಯ ಭಾಷೆ ಎಂಬ ಸಣ್ಣ ಸಡಿಲಿಕೆ ದೊಡ್ಡ ವ್ಯತ್ಯಾಸ ಮಾಡುತ್ತದೆ. ಮನೆಯ ಪಾಲೂ ಇದೆ. ಹಿಂದಿನ ತಲೆಮಾರಿನ ಮಕ್ಕಳು ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಕುಳಿತು ತಕ್ಕಡಿ, ಚಿಲ್ಲರೆ, ಉದ್ದರಿ ಪುಸ್ತಕಗಳಿಂದ ಲೆಕ್ಕ ಕಲಿತರು. ಇಂದಿನ ಮಗುವಿನ ಮುಂದೆ ಹಣ ಎಂಬುದು ಫೋನಿನ ‘ಟಣ್’ ಸದ್ದು ಮಾತ್ರ. ವಿದ್ಯುತ್ ಬಿಲ್ಲಿನ ಯೂನಿಟ್ಟುಗಳನ್ನು ತಿಂಗಳಿಂದ ತಿಂಗಳಿಗೆ ಬರೆದಿಟ್ಟು, ಮೇ ತಿಂಗಳಲ್ಲಿ ಏಕೆ ಏರಿತು ಎಂದು ಅಜ್ಜಿಯೊಡನೆ ಕನ್ನಡದಲ್ಲೇ ವಾದ ಮಾಡುವ ಮಗುವಿಗೆ ಸರಾಸರಿಯ ಪಾಠವೂ ಆಯಿತು, ಭಾಷೆಯ ಪಾಠವೂ ಆಯಿತು.

ಮಾದರಿ ಹುಡುಕಲು ದೂರ ಹೋಗಬೇಕಾಗಿಲ್ಲ. ಮುಂಬಯಿಯ ಮಾನಖುರ್ದದಲ್ಲಿರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ, ಜಯಶ್ರೀ ರಾಮದಾಸ್ ಅವರ ನೇತೃತ್ವದಲ್ಲಿ, ಮೂರರಿಂದ ಐದನೆಯ ತರಗತಿಗೆಂದೇ ‘ಸ್ಮಾಲ್ ಸೈನ್ಸ್’ ಎಂಬ ಪುಸ್ತಕಮಾಲೆಯನ್ನು ರೂಪಿಸಿದೆ. ಮಿನಿ ಮತ್ತು ಅಪು ಎಂಬ ಇಬ್ಬರು ಮಕ್ಕಳು ಅದರಲ್ಲಿ ಓದುಗ ಮಗುವಿನ ಜೊತೆ ನೋಡುತ್ತಾರೆ, ಕೇಳುತ್ತಾರೆ. ಪಠ್ಯಪುಸ್ತಕ, ಅಭ್ಯಾಸಪುಸ್ತಕಗಳೊಡನೆ ಶಿಕ್ಷಕರಿಗೇ ಪ್ರತ್ಯೇಕ ಪುಸ್ತಕವಿದೆ. ಮೂರರಲ್ಲಿ ಟ್ರಸ್ಟಿಗಳು ಮೊದಲು ತೆರೆಯಬೇಕಾದದ್ದು ಅದು. ಶಾಲೆ ಯಾವ ಮಂಡಳಿಗೆ ಸೇರಿದ್ದರೂ ವಾರಕ್ಕೆ ಎರಡು ಅವಧಿಗಳನ್ನು ಇಂಥ ಪಾಠಕ್ಕೆ ಬಿಡಲು ಯಾರ ಅಪ್ಪಣೆಯೂ ಬೇಕಿಲ್ಲ. ಒಂದೇ ತರಗತಿಯಿಂದ, ಮನಸ್ಸಿರುವ ಇಬ್ಬರು ಶಿಕ್ಷಕಿಯರಿಂದ ಆರಂಭಿಸಿದರೆ ಸಾಕು. ಹೋಶಂಗಾಬಾದಿನಲ್ಲಿಯೂ ಮೊದಲ ಆರು ವರ್ಷ 16 ಶಾಲೆಗಳಷ್ಟೇ ಇದ್ದವು.

ಶಿಕ್ಷಕರಿಗೆ ಬಿಡುವಿರುವುದು ಮೇ ತಿಂಗಳಲ್ಲಿ. ರಜೆಯಲ್ಲಿ ಕರೆಯುವುದಾದರೆ ಗೌರವಧನ ಕೊಡಬೇಕು, ಪ್ರಯಾಣ ಭತ್ಯೆ ಕೊಡಬೇಕು, ಸಂಪನ್ಮೂಲ ವ್ಯಕ್ತಿಗಳನ್ನು ಮೊದಲೇ ಗೊತ್ತುಮಾಡಿರಬೇಕು. ಬಹುತೇಕ ಟ್ರಸ್ಟುಗಳ ಮುಂದಿನ ವರ್ಷದ ಆಯವ್ಯಯದ ಕರಡು ಫೆಬ್ರುವರಿ-ಮಾರ್ಚಿನಲ್ಲಿ ಸಿದ್ಧವಾಗುತ್ತದೆ. ‘ಶಿಕ್ಷಕರ ತರಬೇತಿ’ ಎಂಬ ಬಾಬತ್ತು ಆ ಕರಡಿನಲ್ಲಿ ಇದೆಯೇ, ಇದ್ದರೆ ಅದರ ಮುಂದೆ ಬರೆದ ಮೊತ್ತ ‘ವಾರ್ಷಿಕೋತ್ಸವ’ದ ಮೊತ್ತಕ್ಕಿಂತ ಎಷ್ಟು ಕಡಿಮೆ ಎಂದು ಸಭೆಯಲ್ಲಿ ಎದ್ದು ಕೇಳಲು ಪ್ರತಿಯೊಬ್ಬ ಸದಸ್ಯನಿಗೂ ಅವಕಾಶವಿದೆ.